ಕಥೋಲಿಕ ಧರ್ಮಶಿಕ್ಷಣದ ಉನ್ನತ ವ್ಯಾಸಂಗ: ಟ್ರೆಂಟಿನಿಂದ ಮೈಸೂರಿನವರೆಗೆ

ಧರ್ಮವನ್ನು ಬೋಧಿಸುವವನು ಧರ್ಮವನ್ನು ಅರಿತಿದ್ದರೆ ಸಾಕೆ, ಬೋಧನೆಯ ಶಾಸ್ತ್ರವನ್ನೂ ಅರಿತಿರಬೇಕೆ? ಈ ಪ್ರಶ್ನೆ ಎಲ್ಲ ಮತಗಳಿಗೂ ಸಂಬಂಧಿಸಿದುದು. ನಮ್ಮ ನಾಡಿನ ಮಠಗಳಲ್ಲಿಯೂ ಬಸದಿಗಳಲ್ಲಿಯೂ ಗುರುಮುಖೇನ ನಡೆದುಬಂದ ಉಪದೇಶಕ್ಕೆ ವಿಶ್ವವಿದ್ಯಾನಿಲಯದ ಪದವಿ ಬೇಕೆಂದು ಯಾರೂ ಭಾವಿಸಿರಲಿಲ್ಲ. ರೋಮನ್ ಕಥೋಲಿಕ ಧರ್ಮಸಭೆಯಾದರೋ ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೊಂದನ್ನು ಕಂಡುಕೊಂಡಿತು. ಧರ್ಮಶಿಕ್ಷಣವು ತಾನೇ ಒಂದು ಶಾಸ್ತ್ರ, ಅದಕ್ಕೆ ಉನ್ನತ ವ್ಯಾಸಂಗ ಅವಶ್ಯವೆಂಬುದೇ ಆ ಉತ್ತರ. ಅದು ರೂಪುಗೊಂಡ ಬಗೆಯನ್ನೂ, ಕನ್ನಡ ನಾಡನ್ನು ತಲಪಿದಾಗ ಅದಕ್ಕೆ ಎದುರಾದ ತೊಡಕನ್ನೂ ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಹುದು.

ಲೂಥರನ ಸುಧಾರಣೆಗೆ ಪ್ರತಿಯಾಗಿ 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆಯ ನಿರ್ಣಯದಂತೆ 1566ರಲ್ಲಿ ರೋಮಿನ ಧರ್ಮೋಪದೇಶ ಗ್ರಂಥ ಹೊರಬಂದಿತು. ಇದು ಊರೂರಿನ ಪಾದ್ರಿಗಳ ಕೈಪಿಡಿ. ಮಕ್ಕಳ ಕೈಗೆ ದೊರೆತುದು ಪೀಟರ್ ಕನೀಸಿಯಸ್, ರಾಬರ್ಟ್ ಬೆಲ್ಲಾರ್ಮಿನ್ ಮೊದಲಾದವರು ರಚಿಸಿದ ಪ್ರಶ್ನೋತ್ತರ ಮಾಲೆಗಳು. ಗುರು ಪ್ರಶ್ನೆ ಕೇಳುವನು, ಶಿಷ್ಯ ಕಂಠಪಾಠವಾದ ಉತ್ತರವನ್ನು ಒಪ್ಪಿಸುವನು. ಅಕ್ಷರಜ್ಞಾನ ವಿರಳವಾಗಿದ್ದ ಕಾಲದಲ್ಲಿ ಈ ಪದ್ಧತಿಯಿಂದ ಉಪಕಾರವೇ ಆಯಿತು. ಆದರೆ ಮೂರು ಶತಮಾನಗಳು ಕಳೆಯುವಷ್ಟರಲ್ಲಿ ಉತ್ತರ ಬಾಯಲ್ಲಿ ಉಳಿದು ಅರ್ಥ ಮನಸ್ಸಿನಿಂದ ಜಾರತೊಡಗಿತು. ಜನರಲ್ಲಿ ಹಬ್ಬಿದ್ದ ಧಾರ್ಮಿಕ ಅಜ್ಞಾನವನ್ನು ಕುರಿತು ಹತ್ತನೆಯ ಪಯಸ್ ಜಗದ್ಗುರುಗಳು 1905ರಲ್ಲಿ ವಿಶ್ವಪತ್ರವನ್ನೇ ಹೊರಡಿಸಬೇಕಾಯಿತು.

ಇದೇ ಕಾಲದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಉಪದೇಶಕರು ಹರ್ಬಾರ್ಟನ ಶಿಕ್ಷಣತತ್ತ್ವವನ್ನು ಧರ್ಮಬೋಧನೆಗೆ ಅಳವಡಿಸಿದರು. ಮೊದಲು ಕಥೆ, ಅನಂತರ ಅದರ ವಿವರಣೆ, ಕೊನೆಗೆ ಬಾಳಿನಲ್ಲಿ ಅನ್ವಯ. ಅಮೆರಿಕದಲ್ಲಿ ಇದಕ್ಕೆ ಸಮಾನವಾದ ಕೆಲಸ ಮಾಡಿದವರು ಥಾಮಸ್ ಎಡ್ವರ್ಡ್ ಶೀಲ್ಡ್ಸ್ (1862–1921). ಬಾಲ್ಯದಲ್ಲಿ ದಡ್ಡನೆನಿಸಿಕೊಂಡು ಶಾಲೆಯನ್ನು ಬಿಡಬೇಕಾಗಿ ಬಂದಿದ್ದ ಈತ ಮುಂದೆ ಪಾದ್ರಿಯೂ ವಿಜ್ಞಾನಿಯೂ ಆಗಿ, ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರವನ್ನು ಬೋಧಿಸಿದರು. ಮಗುವಿಗೆ ತಿಳಿದಿರುವ ತಾಯ್ತಂದೆಯರ ಪ್ರೀತಿಯಿಂದ ತಿಳಿಯದಿರುವ ದೈವಪ್ರೀತಿಯ ಕಡೆಗೆ ನಡೆಸಬೇಕೆಂಬುದು ಇವರ ಪಠ್ಯಪುಸ್ತಕಗಳ ತತ್ತ್ವ. ಶಾಲೆಗಳನ್ನು ನಡೆಸುತ್ತಿದ್ದ ಸನ್ಯಾಸಿನಿಯರಿಗೆ ಪದವಿ ಪಡೆಯುವ ಮಾರ್ಗ ಇಲ್ಲದಿದ್ದುದನ್ನು ಮನಗಂಡು 1911ರಲ್ಲಿ ಅವರಿಗಾಗಿ ಪ್ರತ್ಯೇಕ ಕಾಲೇಜನ್ನೂ ಆರಂಭಿಸಿದರು. ತರಗತಿಯ ನಿಜವಾದ ಭಾರವನ್ನು ಹೊತ್ತಿದ್ದ ಮಹಿಳೆಯರಿಗೆ ಉನ್ನತ ವ್ಯಾಸಂಗದ ಬಾಗಿಲು ಹೀಗೆ ತೆರೆಯಿತೆಂಬುದು ಗಮನಾರ್ಹ.

ವಿಧಾನ ಸುಧಾರಿಸಿತು, ವಿಷಯದ ಗತಿಯೇನು? 1936ರಲ್ಲಿ ಆಸ್ಟ್ರಿಯದ ಜೋಸೆಫ್ ಯುಂಗ್‌ಮನ್ ಎಂಬ ಯೇಸುಸಭೆಯ ಪಂಡಿತರು ಈ ಪ್ರಶ್ನೆಯನ್ನೆತ್ತಿದರು. ಭಕ್ತರಿಗೆ ಸಿದ್ಧಾಂತಗಳ ಪಟ್ಟಿ ದೊರೆತಿದೆ, ಶುಭವಾರ್ತೆಯ ಆನಂದ ದೊರೆತಿಲ್ಲವೆಂಬುದು ಅವರ ವಾದ. ಅವರ ಗ್ರಂಥ ಮೊದಲು ಅಸಮಾಧಾನಕ್ಕೆ ಗುರಿಯಾದರೂ ಅದರ ವಿಚಾರ ಉಳಿಯಿತು. ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ಯೇಸುಸಭೆಯವರ ‘ಲೂಮೆನ್ ವೀಟೆ’ ಕೇಂದ್ರವೂ, ಪ್ಯಾರಿಸ್ಸಿನ ಕಥೋಲಿಕ ವಿದ್ಯಾಸಂಸ್ಥೆಯೂ ಎರಡನೆಯ ಮಹಾಯುದ್ಧದ ಅನಂತರ ಈ ಶಾಸ್ತ್ರದ ಪ್ರಮುಖ ಪೀಠಗಳಾದುವು. ಬೈಬಲ್ಲು, ಆರಾಧನಾವಿಧಿ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಇವನ್ನು ಒಟ್ಟಿಗೆ ಅಭ್ಯಸಿಸಬೇಕೆಂಬ ಪದ್ಧತಿ ಅಲ್ಲಿ ನೆಲೆಗೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತಶಿಕ್ಷಣವನ್ನು ಕುರಿತ ಘೋಷಣೆಯನ್ನು ಅಂಗೀಕರಿಸಿತು. ಉಪದೇಶಕರ ತರಬೇತಿಗಾಗಿ ಉನ್ನತ ಸಂಸ್ಥೆಗಳು ಬೇಕೆಂದು ರೋಮಿನ 1971ರ ಮಾರ್ಗದರ್ಶಿ ಗ್ರಂಥ ವಿಧಿಸಿತು.

ಈ ಪರಂಪರೆಯನ್ನು ಕನ್ನಡ ನೆಲಕ್ಕೆ ತಂದವರು ಡಿ. ಎಸ್. ಅಮಲೋರ್ಪವದಾಸ್ (1932–1990). ತಮಿಳುನಾಡಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಉನ್ನತ ವ್ಯಾಸಂಗ ಮಾಡಿದ ಇವರು 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾವಿಧಿ ಕೇಂದ್ರದ ಮೊದಲ ನಿರ್ದೇಶಕರಾದರು. ಭಾರತದ ನಾನಾ ಪ್ರಾಂತಗಳ ಉಪದೇಶಕರೂ ಸನ್ಯಾಸಿನಿಯರೂ ಗುರುಗಳೂ ಅಲ್ಲಿ ಶಿಕ್ಷಣ ಪಡೆದರು. ಮೊಣಕಾಲೂರುವುದರ ಬದಲು ಕೈಮುಗಿದು ಬಾಗಿ ನಮಿಸುವುದು, ಆರತಿ ಎತ್ತುವುದು ಮುಂತಾದ ಭಾರತೀಯ ಆಚಾರಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆತುದರಲ್ಲಿಯೂ ಇವರ ಶ್ರಮವಿತ್ತು. ಇದನ್ನು ಮೆಚ್ಚಿದವರಂತೆಯೇ ವಿರೋಧಿಸಿದವರೂ ಸಭೆಯೊಳಗೇ ಇದ್ದರು.

ಇದುವರೆಗಿನದು ಸಭೆ ತನ್ನವರಿಗಾಗಿ ನಡೆಸಿದ ಶಿಕ್ಷಣ. ನಿಜವಾದ ತೊಡಕು ಇದರ ಮುಂದಿನ ಹೆಜ್ಜೆಯಲ್ಲಿದೆ. ಸರ್ಕಾರದ ಹಣದಿಂದಲೇ ಸಂಪೂರ್ಣವಾಗಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧನೆ ಕೂಡದೆಂದು ನಮ್ಮ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಹಾಗಾದರೆ ಸಾರ್ವಜನಿಕ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ಎಡೆಯೆಲ್ಲಿ? ನೈತಿಕ ಮೌಲ್ಯಗಳ ಬೋಧನೆ ಅವಶ್ಯವೆಂದು 1960ರಲ್ಲಿ ಶ್ರೀಪ್ರಕಾಶ ಸಮಿತಿ ಅಭಿಪ್ರಾಯಪಟ್ಟಿತ್ತು. 1964ರಿಂದ 1966ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಇನ್ನೂ ಸೂಕ್ಷ್ಮವಾದ ಭೇದವನ್ನು ತೋರಿಸಿತು. ಒಂದು ಮತದ ತತ್ತ್ವಾಚಾರಗಳನ್ನು ಕಲಿಸುವುದು ಬೇರೆ, ಮತಗಳನ್ನು ಕುರಿತು ಉದಾರದೃಷ್ಟಿಯಿಂದ ಅರಿಯುವುದು ಬೇರೆ. ಮೊದಲನೆಯದು ರಾಜ್ಯದ ಕಾರ್ಯವಲ್ಲ, ಎರಡನೆಯದು ಅನೇಕ ಮತಗಳುಳ್ಳ ರಾಷ್ಟ್ರಕ್ಕೆ ಹಿತಕರ. ಪಠ್ಯಕ್ರಮದಲ್ಲಿ ಮತಗಳ ತಿಳಿವಳಿಕೆ ಹಾಗೂ ಮೌಲ್ಯಶಿಕ್ಷಣವನ್ನು ಸೇರಿಸುವುದು 28ನೆಯ ವಿಧಿಗೆ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪಿತ್ತಾಗಲೂ ಇಂಥದೇ ವಿವೇಚನೆ ಅದರ ಹಿಂದಿತ್ತು.

ಜೈನಶಾಸ್ತ್ರ ಹಾಗೂ ಪ್ರಾಕೃತಕ್ಕೆ ವಿಭಾಗವನ್ನು ಹೊಂದಿರುವ ಮೈಸೂರು ವಿಶ್ವವಿದ್ಯಾನಿಲಯವು ಸುಮಾರು 1980ರ ಹೊತ್ತಿಗೆ ಕ್ರೈಸ್ತಧರ್ಮದ ಅಧ್ಯಯನಕ್ಕೂ ಪೀಠವನ್ನು ಕಲ್ಪಿಸಿತು. ಅದರ ಮೊದಲ ಮುಖ್ಯಸ್ಥರು ಅಮಲೋರ್ಪವದಾಸ್ ಅವರೇ. ಅದೇ ಊರಿನಲ್ಲಿ ಅವರು ಅಂಜಲಿ ಆಶ್ರಮವನ್ನೂ ಕಟ್ಟಿದರು. ಒಂದೆಡೆ ಸಾಧನೆ, ಇನ್ನೊಂದೆಡೆ ಸರ್ವರಿಗೂ ತೆರೆದ ವಿಚಾರ. ಎರಡಕ್ಕೂ ಬೇರೆಬೇರೆ ಮನೆಗಳು. ಕೊಠಾರಿ ಆಯೋಗ ಕಾಗದದ ಮೇಲೆ ತೋರಿಸಿದ ಭೇದ ಇಲ್ಲಿ ಒಬ್ಬ ವ್ಯಕ್ತಿಯ ದಿನಚರಿಯಾಯಿತೆಂದರೆ ತಪ್ಪಾಗಲಾರದು. 1990ರ ಮೇ ತಿಂಗಳಿನಲ್ಲಿ ರಸ್ತೆಯ ಅಪಘಾತವೊಂದು ಅವರನ್ನು ಬಲಿತೆಗೆದುಕೊಂಡಿತು.

ಈ ಎರಡು ಮನೆಗಳನ್ನು ಬೆರೆಸಿದರೆ ಎರಡಕ್ಕೂ ಹಾನಿ. ಶ್ರದ್ಧೆಯನ್ನು ಪರೀಕ್ಷೆಯ ಅಂಕಗಳಿಂದ ಅಳೆದರೆ ಅದು ಮತ್ತೆ ಹಳೆಯ ಕಂಠಪಾಠವಾದೀತು. ವಿದ್ಯಾಪೀಠವನ್ನು ಮತಪ್ರಚಾರಕ್ಕೆ ಬಳಸಿದರೆ ಅದು ಅನ್ಯಮತೀಯ ವಿದ್ಯಾರ್ಥಿಯ ನಂಬಿಕೆಯನ್ನು ಕಳೆದುಕೊಂಡೀತು. ಹಾಗೆಂದು ಎರಡರ ನಡುವೆ ಗೋಡೆಯೆಬ್ಬಿಸುವುದೂ ಸಲ್ಲದು. ವಿಚಾರದ ಬೆಳಕಿಲ್ಲದ ಉಪದೇಶ ಸಂಕುಚಿತವಾಗುತ್ತದೆ. ಯಾವ ಸಂಪ್ರದಾಯದಲ್ಲಿಯೂ ಬೇರೂರದ ಮೌಲ್ಯಶಿಕ್ಷಣ ಸದ್ಗುಣಗಳ ಒಣ ಪಟ್ಟಿಯಾಗುತ್ತದೆ.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಈ ಇತಿಹಾಸದಲ್ಲಿ ಇನ್ನೊಂದು ಪಾಠವಿದೆ. ಮಗು ಬಲ್ಲ ಬದುಕಿನಿಂದ ಬೋಧನೆ ಮೊದಲಾಗಬೇಕೆಂದು ಶೀಲ್ಡ್ಸ್ ಹೇಳಿದರು. ಈ ನೆಲದ ನಮಸ್ಕಾರ, ಈ ನೆಲದ ಆರತಿ ಬೇಕೆಂದು ಬೆಂಗಳೂರಿನ ಕೇಂದ್ರ ಬಯಸಿತು. ಆ ಬದುಕಿನ ಮೊದಲ ಪಾತ್ರೆ ಮನೆಮಾತು. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಬೆಳೆಯುವ ನಮ್ಮ ಮಕ್ಕಳು ವಚನವನ್ನಾಗಲಿ ಕೀರ್ತನೆಯನ್ನಾಗಲಿ ಸುವಾರ್ತೆಯನ್ನಾಗಲಿ ಯಾವ ಭಾಷೆಯಲ್ಲಿ ಮೊದಲು ಕೇಳುತ್ತಾರೆಂಬುದು ಅಲ್ಪವಿಷಯವಲ್ಲ. ಆ ಮೊದಲ ಪಾಠಕ್ಕೆ ಯಾವ ಪೀಠವೂ ಬದಲಿಯಾಗಲಾರದು. ಅದನ್ನು ನೀಡುವವರನ್ನು ಸಜ್ಜುಗೊಳಿಸುವುದೇ ಉನ್ನತ ವ್ಯಾಸಂಗದ ಸಾರ್ಥಕತೆ.