ದಂಡಿನ ದೊರೆಗಳನ್ನು ದಡ ಸೇರಿಸಿದವರು

ಹಲಸೂರು ಕೆರೆಯಲ್ಲಿ ಅಲೆ ಏಳುವುದಿಲ್ಲ. ಗಾಳಿ ಬೀಸಿದಾಗ ಒಂದಿಷ್ಟು ತೆರೆ ಮೂಡಿ, ದಡಕ್ಕೆ ತಾಗಿ ಸುಮ್ಮನಾಗುತ್ತದೆ. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೂ, ಕಡಲ ಅಲೆಯನ್ನೇರಿ ಸಾಗುವ ಸರ್ಫಿಂಗ್ ಎಂಬ ವಿದ್ಯೆಗೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಶಿವಾಜಿನಗರ, ಹಲಸೂರುಗಳನ್ನು ಒಳಗೊಂಡ ದಂಡು ಪ್ರದೇಶದ ಮೊದಲ ಅರ್ಧ ಶತಮಾನದ ಚರಿತ್ರೆ ಅಲೆಯ ಮೇಲೆಯೇ ಬಂದಿಳಿದದ್ದು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೈನ್ಯವನ್ನು ಜ್ವರ ಕಾಡಿತು. 1809ರಲ್ಲಿ ಹಲಸೂರಿನ ಸಮೀಪ ಹೊಸ ದಂಡು ನೆಲೆಗೊಂಡಿತು. ಅದು ಮದರಾಸಿನ ಸೈನ್ಯಕ್ಕೆ ಸೇರಿದ ದಂಡು. ಇಂಗ್ಲೆಂಡಿನಿಂದ ಹೊರಟ ಅಧಿಕಾರಿ, ಅವನ ಪರಿವಾರ, ಪೆಟ್ಟಿಗೆ ಪೀಠೋಪಕರಣಗಳೆಲ್ಲ ಸಾಮಾನ್ಯವಾಗಿ ಮದರಾಸಿನಲ್ಲಿ ಇಳಿದು, ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರವನ್ನು ರಸ್ತೆಯಲ್ಲಿ ಕ್ರಮಿಸಬೇಕಿತ್ತು.

ಇಳಿಯುವುದೇ ಕಷ್ಟ. ಮದರಾಸಿಗೆ ಸ್ವಾಭಾವಿಕ ಬಂದರು ಇರಲಿಲ್ಲ. ಹಡಗುಗಳು ದೂರದ ಆಳದಲ್ಲಿ ಲಂಗರು ಹಾಕುತ್ತಿದ್ದವು. ಹಡಗಿಗೂ ಮರಳಿಗೂ ನಡುವೆ ಸಾಲುಸಾಲಾಗಿ ಮುರಿಯುವ ಅಲೆಗಳು. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆಯ ಬುಡ ನೆಲಕ್ಕೆ ತಡೆದು ನಿಧಾನವಾಗುತ್ತದೆ, ತಲೆ ಮಾತ್ರ ಮುಂದಕ್ಕೆ ಧಾವಿಸಿ ಕುಸಿಯುತ್ತದೆ. ಹೀಗೆ ಕುಸಿಯುವ ಅಲೆಗೆ ಇಂಗ್ಲಿಷಿನಲ್ಲಿ ‘ಸರ್ಫ್’ ಎಂದು ಹೆಸರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಈ ಪದ ಇಂಗ್ಲಿಷ್ ಬರಹದಲ್ಲಿ ಮೊದಲು ಕಾಣಿಸಿಕೊಂಡದ್ದು ಭಾರತದ ಕರಾವಳಿಯ ವರ್ಣನೆಯಲ್ಲಿ ಎಂದು ನಿಘಂಟುಕಾರರು ಹೇಳುತ್ತಾರೆ.

ಮೊಳೆ ಹೊಡೆದು ಗಟ್ಟಿಯಾಗಿ ಕಟ್ಟಿದ ಐರೋಪ್ಯ ದೋಣಿಗಳು ಈ ಅಲೆಗಳ ನಡುವೆ ಉಳಿಯುವುದು ದುಸ್ತರವಾಗಿತ್ತು. ಉಳಿಯುತ್ತಿದ್ದುದು ನಮ್ಮವರ ‘ಮಸೂಲಾ’ ದೋಣಿ. ಅದಕ್ಕೆ ಕಬ್ಬಿಣದ ಮೊಳೆ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿದಿರುತ್ತಿದ್ದರು. ಅಲೆ ಬಡಿದರೆ, ನೆಲ ತಾಗಿದರೆ ದೋಣಿ ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ. ಅಂಬಿಗರು ಅಲೆಸಾಲಿನ ಹಿಂದೆ ಕಾದು ನಿಂತು, ಸರಿಯಾದ ಅಲೆ ಬೆನ್ನಿಗೆ ಬಂದಾಗ ಒಮ್ಮೆಲೇ ಹುಟ್ಟುಹಾಕಿ, ಅದರ ನೆತ್ತಿಯ ಮೇಲೆ ದೋಣಿಯನ್ನು ದಡಕ್ಕೆ ತರುತ್ತಿದ್ದರು. ಯಾವ ಅಲೆಯನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದೇ ಇಲ್ಲಿನ ಜಾಣ್ಮೆ. ಇಂದು ಸರ್ಫಿಂಗ್ ಕಲಿಸುವವರು ಮೊದಲು ಹೇಳಿಕೊಡುವುದೂ ಇದನ್ನೇ.

ದೋಣಿಯ ಜೊತೆಯಲ್ಲಿ ಕಟ್ಟುಮರ ಸಾಗುತ್ತಿತ್ತು. ಪದ ತಮಿಳಿನದಾದರೂ ಕನ್ನಡಿಗರಿಗೆ ಅರ್ಥ ಬಿಡಿಸಬೇಕಾಗಿಲ್ಲ: ಒಂದಕ್ಕೊಂದು ಕಟ್ಟಿದ ಮರದ ದಿಮ್ಮಿಗಳು, ಅಷ್ಟೇ. ಅದರ ಮೇಲೆ ಮಂಡಿಯೂರಿ ಕುಳಿತ ಮೀನುಗಾರರು ಅಲೆಯನ್ನು ಸೀಳಿ ಹಡಗಿಗೆ ಹೋಗುತ್ತಿದ್ದರು. ಕಾಗದಪತ್ರಗಳು ನೆನೆಯದಂತೆ ತಲೆಯ ಟೊಪ್ಪಿಗೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ದೋಣಿ ಮಗುಚಿದರೆ ಪ್ರಯಾಣಿಕರನ್ನು ಎತ್ತಿ ತರುವ ಹೊಣೆಯೂ ಅವರದೇ. ಹಾಗೆ ಜೀವ ಉಳಿಸಿದವರಿಗೆ ಸರ್ಕಾರ ಪದಕ ಕೊಟ್ಟದ್ದುಂಟು. ಆದರೆ ದಡ ಸೇರಿದ ದೊರೆಗಳ ಹೆಸರು ದಂಡಿನ ರಸ್ತೆಗಳಿಗೆ ಬಂತು. ದಡ ಸೇರಿಸಿದವರ ಹೆಸರು ಯಾವ ಗಲ್ಲಿಗೂ ಬರಲಿಲ್ಲ.

1864ರಲ್ಲಿ ದಂಡಿನ ನಿಲ್ದಾಣಕ್ಕೆ ರೈಲು ಬಂತು. ಆ ಶತಮಾನ ಮುಗಿಯುವ ಹೊತ್ತಿಗೆ ಮದರಾಸಿಗೆ ಕೃತಕ ಬಂದರೂ ಆಯಿತು. ಮಸೂಲಾದವರ ಕೆಲಸ ಕ್ರಮೇಣ ಮುಗಿಯಿತು. ಅಲೆಯ ಪೆಟ್ಟು ಮಾತ್ರ ಬಂದರಿನಲ್ಲೂ ತಪ್ಪಲಿಲ್ಲ. 1896ರಲ್ಲಿ ಬೆಂಗಳೂರಿನ ದಂಡಿಗೆ ಹೊರಟಿದ್ದ 21 ವರ್ಷದ ವಿನ್ಸ್ಟನ್ ಚರ್ಚಿಲ್, ಮುಂಬಯಿಯ ಸಸೂನ್ ಡಾಕ್‌ನಲ್ಲಿ ಮೆಟ್ಟಿಲ ಬಳಿಯ ಕಬ್ಬಿಣದ ಬಳೆಯನ್ನು ಹಿಡಿದ ಕ್ಷಣದಲ್ಲೇ ದೋಣಿ ಅಲೆಯೊಡನೆ ಕೆಳಕ್ಕಿಳಿಯಿತು. ಭುಜದ ಕೀಲು ತಪ್ಪಿತು. ಆ ನೋವು ಜೀವಮಾನವಿಡೀ ಉಳಿಯಿತು. ಬೆಂಗಳೂರಿನಲ್ಲಿ ತೋಳಿಗೆ ಪಟ್ಟಿ ಬಿಗಿದು ಪೋಲೊ ಆಡಿದ ಆತ, 1898ರ ಒಮ್‌ಡುರ್ಮನ್ ಕಾಳಗದಲ್ಲಿ ಕತ್ತಿ ಬಿಟ್ಟು ಪಿಸ್ತೂಲು ಹಿಡಿಯಲು ಈ ಭುಜವೇ ಕಾರಣ.

ಇದೇ ವಿದ್ಯೆಗೆ ಪೆಸಿಫಿಕ್ ಸಾಗರದ ಹವಾಯಿಯಲ್ಲಿ ಬೇರೆ ಗತಿ ದೊರೆಯಿತು. ಅಲ್ಲಿ ಅರಸರಿಂದ ಜನಸಾಮಾನ್ಯರವರೆಗೆ ಎಲ್ಲರೂ ಮರದ ಹಲಗೆಯ ಮೇಲೆ ಅಲೆಯಾಡುತ್ತಿದ್ದರು. 1820ರಿಂದ ಬಂದ ಮಿಷನರಿಗಳ ಕಾಲದಲ್ಲಿ ಆಟ ಕಳೆಗುಂದಿತು. ಅದಕ್ಕೆ ಮತ್ತೆ ಜೀವ ತುಂಬಿದವರಲ್ಲಿ ಪ್ರಮುಖ ಹವಾಯಿಯವನೇ ಆದ ಡ್ಯೂಕ್ ಕಹಾನಮೊಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದ ಆತ, ಮರದ ಹಲಗೆಯೊಂದನ್ನು ತಾನೇ ಸಿದ್ಧಪಡಿಸಿ ಸಿಡ್ನಿಯ ಜನರೆದುರು ಅಲೆಯ ಮೇಲೆ ನಿಂತು ತೋರಿಸಿದ. ಅಲ್ಲಿ ಅಲೆಯಾಟಕ್ಕೆ ಹೆಸರಿತ್ತು, ಹೆಮ್ಮೆಯಿತ್ತು. ಇಲ್ಲಿ ಅದು ಹೊಟ್ಟೆಪಾಡು. ಹೊಟ್ಟೆಪಾಡನ್ನು ಕಲೆಯೆಂದು ಕರೆಯುವ ರೂಢಿ ನಮ್ಮಲ್ಲಿ ಕಡಿಮೆ.

ಆದ್ದರಿಂದಲೇ 2004ರಲ್ಲಿ ಅಮೆರಿಕದ ಜಾಕ್ ಹೆಬ್ನರ್ ಮತ್ತು ಸಂಗಡಿಗರು ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದಾಗ ಅದು ಪರದೇಶದ ಆಟವೆನಿಸಿತು. ಮುಂಬಯಿಯಿಂದ ಮಣಿಪಾಲಕ್ಕೆ ಓದಲು ಬಂದು 2007ರಲ್ಲಿ ಅಲೆಯೇರಿದ ಇಷಿತಾ ಮಾಳವೀಯ, ಮೂಲ್ಕಿಯಲ್ಲಿ ಕಲಿತ ತನ್ವಿ ಜಗದೀಶ್ ಹೆಸರಾದರು. 2016ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ನಡೆಯಿತು. 2025ರ ಆಗಸ್ಟ್‌ನಲ್ಲಿ ಕರ್ನಾಟಕದ ರಮೇಶ್ ಬೂದಿಹಾಳ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಗೆದ್ದದ್ದು ಮಾಮಲ್ಲಪುರದಲ್ಲಿ, ಕಟ್ಟುಮರಗಳ ಅದೇ ಕರಾವಳಿಯಲ್ಲಿ.

ಪದಕ ಬಂದದ್ದು ಸಂತೋಷ. ಆದರೆ ಅಳಿವೆ ಬಾಗಿಲಲ್ಲಿ ಅಲೆ ಎಣಿಸಿ ದೋಣಿ ನುಗ್ಗಿಸುವ ಮೀನುಗಾರ ಈ ಕಥೆಯ ಹೊರಗಿನವನಲ್ಲ. ದಂಡಿನ ನಿಲ್ದಾಣದಲ್ಲಿ ಚೆನ್ನೈ ರೈಲು ಹತ್ತುವಾಗ, ಆ ಹಳಿ ಬರುವ ಮುನ್ನ ಈ ಊರನ್ನು ಕಡಲಿಗೆ ಜೋಡಿಸಿದ್ದು ನಾರಿನ ಹುರಿಯಿಂದ ಹೊಲಿದ ಒಂದು ದೋಣಿ ಎಂಬುದನ್ನು ನೆನೆದರೆ, ಹೆಸರಿಲ್ಲದ ಆ ಅಂಬಿಗರ ಸಾಲ ಸ್ವಲ್ಪವಾದರೂ ತೀರೀತು.