ದುರ್ಗದ ಸೀಮೆಯ ತಾಂಡೆಗಳೂ ಅಲ್ಲಿಯ ಪಾಠಶಾಲೆಗಳೂ

ಊರಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಶಾಸನವನ್ನೂ ಅನಂತರ ಕಡತವನ್ನೂ ಅರಸುವುದು ವಾಡಿಕೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಲಂಬಾಣಿ ತಾಂಡೆಗಳಲ್ಲಿ ಇವೆರಡೂ ಸಾಮಾನ್ಯವಾಗಿ ದೊರೆಯವು. ಅಲ್ಲಿ ಉಳಿದಿರುವ ಹಳೆಯ ಬರಹವೆಂದರೆ ಬಹುಮಟ್ಟಿಗೆ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕವೇ.

ಲಂಬಾಣಿಗಳು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ಸಂಚರಿಸುತ್ತಿದ್ದವರು. ಮೈಸೂರಿನ ಯುದ್ಧಕಾಲದಲ್ಲಿ ದಂಡುಗಳಿಗೆ ದವಸವನ್ನೊದಗಿಸಿದವರು. ಗಾಡಿಯ ರಸ್ತೆಗಳೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲೂ ಬಂದಮೇಲೆ ಆ ಕಸಬು ಕುಗ್ಗಿತು. ಅವರು ಕಾಡಂಚಿನ ನೆಲಗಳಲ್ಲಿ ನೆಲೆನಿಂತರು. ಅವರ ನುಡಿಗೆ ಸ್ವಂತ ಲಿಪಿಯಿಲ್ಲ. ನಾಯಕ, ಕಾರಭಾರಿ, ಡಾವೊ ಎಂಬ ಹಿರಿಯರ ಬಾಯಿಮಾತೇ ತಾಂಡೆಯ ಕಟ್ಟಳೆಯಾಗಿದ್ದಿತು.

1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಸಿದ್ಧಪಡಿಸಿದವರು ಲೂಯಿ ರೈಸ್ ಅವರು. ಮುಂದೆ ಈ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದವರೂ ಅವರೇ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಹೋಬಳಿಯ ಶಾಲೆ ದೊಡ್ಡ ಊರಿನ ಶಾಲೆ. ಕಂದಾಯದ ಲೆಕ್ಕದಲ್ಲಿ ಬೇರೊಂದು ಗ್ರಾಮಕ್ಕೆ ಸೇರಿಹೋಗಿದ್ದ ತಾಂಡೆಗೆ ಅದು ದೂರವಾಗಿಯೇ ಉಳಿಯಿತು. ಕಡ್ಡಾಯ ವಿದ್ಯಾಭ್ಯಾಸಕ್ಕೆ ದಾರಿಮಾಡಿದ 1913ರ ರೆಗ್ಯುಲೇಷನ್ನೂ ಆಯ್ದ ಸ್ಥಳಗಳಿಗೆ ಮಾತ್ರ ಅನ್ವಯಿಸಿತು. ತಾಂಡೆಯ ಬಾಗಿಲಿಗೆ ಶಾಲೆ ಬಂದುದು ಹೆಚ್ಚಾಗಿ ಸ್ವಾತಂತ್ರ್ಯಾನಂತರವೇ.

ಬಂದಮೇಲಾದರೋ, ಅದು ಅಕ್ಷರ ಕಲಿಸಿ ಸುಮ್ಮನಾಗಲಿಲ್ಲ. ಕಾಗದವನ್ನು ಓದಿ ಹೇಳುವವರೂ ಅರ್ಜಿಯನ್ನು ಬರೆದುಕೊಡುವವರೂ ಉಪಾಧ್ಯಾಯರೇ ಆದರು. ಮತ ಹಾಕುವುದು ಅಲ್ಲಿಯೇ, ಜನಗಣತಿಗೆ ಮನೆಮನೆಗೆ ಬರುವವರೂ ಅವರೇ. 1950ರ ಆದೇಶದಿಂದ ಮೈಸೂರು ಸೀಮೆಯ ಲಂಬಾಣಿಗಳು ಪರಿಶಿಷ್ಟ ಜಾತಿಗಳಲ್ಲಿ ಸೇರಿದರಷ್ಟೆ; ಜಾತಿಗೂ ಜನ್ಮದಿನಕ್ಕೂ ಆಧಾರ ಕೇಳಿದಾಗ ಶಾಲೆಯ ಪುಸ್ತಕವನ್ನೇ ತೆರೆಯಬೇಕಾಯಿತು. ಎಷ್ಟೋ ತಾಂಡೆಗಳು ಕಂದಾಯ ಗ್ರಾಮಗಳೆನಿಸಿಕೊಳ್ಳುವುದಕ್ಕೆ ಬಹು ಹಿಂದೆಯೇ ಹೀಗೆ ಸರಕಾರದ ಪುಸ್ತಕವೊಂದರಲ್ಲಿ ಹೆಸರು ಪಡೆದವು. ಮಳೆ ತಪ್ಪಿದ ವರ್ಷ ತಂದೆತಾಯಿಗಳು ಚಿಕ್ಕಮಗಳೂರಿನ ಕಾಫಿ ತೋಟಗಳಿಗೋ ಕಬ್ಬು ಕಡಿಯುವುದಕ್ಕೋ ಹೊರಟರೆ ಮಕ್ಕಳೂ ಹೊರಡುವರು. ಹಾಜರಿ ಪುಸ್ತಕದ ಗೈರುಗುರುತುಗಳಲ್ಲಿ ಬರಗಾಲದ ಚರಿತ್ರೆಯನ್ನೇ ಓದಬಹುದು.

ಮಕ್ಕಳು ಕಡಿಮೆಯಾದ ಶಾಲೆಯನ್ನು ಮುಚ್ಚಿದಾಗ ಬೆಂಚುಗಳ ಲೆಕ್ಕವನ್ನು ತೆಗೆದುಕೊಳ್ಳುವವರು ಈ ಪುಸ್ತಕಗಳನ್ನೂ ಅಷ್ಟೇ ಎಚ್ಚರದಿಂದ ಕಾಪಾಡುವರೆಂದು ನಂಬುವುದು ಕಷ್ಟ. ಸಾಹಿತ್ಯದ ಉಪಾಧ್ಯಾಯರು ಅವುಗಳಲ್ಲಿ ಮಾತೃಭಾಷೆಯ ಕಲಮನ್ನು ವಿಶೇಷವಾಗಿ ನೋಡಬೇಕು. ಮನೆಯಲ್ಲಿ ಲಂಬಾಣಿಯಾಡುವ ಮಗುವಿಗೆ ಶಾಲೆ ಕನ್ನಡವನ್ನು ಕೊಟ್ಟಿತು. ಮಗುವಿನ ನುಡಿಯನ್ನು ಪಾಠಕ್ಕೆ ಸೇರಿಸಿಕೊಳ್ಳಲಿಲ್ಲ. ಇತ್ತ ಜನಗಣತಿಯ ಪಟ್ಟಿಯಾದರೋ ಅದೇ ನುಡಿಯನ್ನು ಹಿಂದಿಯ ಅಡಿಯಲ್ಲಿ ಎಣಿಸುತ್ತದೆ.