ತಿಳಿ ಹಸಿರು ವೈರಿನ ಚರಿತ್ರೆ

1/7
ವಿರಾಜಪೇಟೆ ಗಡಿಯಾರ ಕಂಬದ ಹತ್ರ ಸಂಜೆ ಹೊತ್ತು ಐದು ನಿಮಿಷ ನಿಂತು ನೋಡಿ. ಗೋಣಿಕೊಪ್ಪ ಕಡೆಯಿಂದ, ಸಿದ್ದಾಪುರ ಕಡೆಯಿಂದ, ಪೆರುಂಬಾಡಿ ಕಡೆಯಿಂದ ಪಿಕಪ್‌ಗಳು ಬರ್ತಾನೇ ಇರ್ತವೆ. ಹಿಂದೆ ಕಾಫಿ ಮೂಟೆ, ಗೊಬ್ಬರ, ಶುಂಠಿ ಚೀಲ, ಇಲ್ಲಾಂದ್ರೆ ತೋಟದ ಕೆಲಸ ಮುಗಿಸಿ ನಿಂತ್ಕೊಂಡು ಬರುವ ಜನ. ಮುಂದೆ ಎಷ್ಟೋ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಟಿವಿ ಹೊಳೀತಿರುತ್ತೆ. ವಾಲಗದ ಪಾಟೋ, ಸಿನಿಮಾ ಹಾಡೋ, ಯಾವುದೋ ಒಂದು ವಿಡಿಯೋ.

ಈ ಸರಣಿಯಲ್ಲಿ ರಾಜರು, ಕೋಟೆ ಅಂತ ಬರೆದಾಗ ಎಲ್ರೂ ಗಂಭೀರವಾಗಿ ಓದ್ತೀರಿ. ಇವತ್ತು ಸ್ಟೀರಿಯೋ. ನಗಬೇಡಿ. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಪೇಟೆಗೆ ಚರಿತ್ರೆ ಇದ್ದ ಹಾಗೆ, ಈ ಪೇಟೆಯಲ್ಲಿ ಓಡಾಡುವ ಪಿಕಪ್ಪಿನ ಡ್ಯಾಶ್‌ಬೋರ್ಡ್ ಹಿಂದಿನ ವೈರುಗಳಿಗೂ ಚರಿತ್ರೆ ಇದೆ. ಸ್ಟೀರಿಯೋ ಹೊರಗೆ ಎಳೆದರೆ ಹಿಂದುಗಡೆ ಒಂದು ಕಟ್ಟು ಬಣ್ಣದ ವೈರ್ ಬರುತ್ತಲ್ಲ, ಅದರಲ್ಲಿ ಒಂದೊಂದೂ ಒಂದೊಂದು ಕಾಲದ್ದು. ನನಗೆ ಮುಖ್ಯವಾಗಿ ಹೇಳಬೇಕಾಗಿರೋದು ಒಂದೇ ಒಂದು ವೈರಿನ ಬಗ್ಗೆ. ಅಲ್ಲಿಗೆ ಹೋಗೋಕೆ ಸ್ವಲ್ಪ ಸುತ್ತಿ ಬರಬೇಕು.

2/7
1930, ಅಮೆರಿಕ. ಪಾಲ್ ಗಾಲ್ವಿನ್ ಅನ್ನುವವನು ತನ್ನ ಕಾರಿಗೆ ಒಂದು ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಗೆ ಹೋದ. ಅಲ್ಲಿ ರೇಡಿಯೋ ತಯಾರಕರ ಸಮ್ಮೇಳನ ನಡೀತಿತ್ತು. ಸಮ್ಮೇಳನದಲ್ಲಿ ಅವನಿಗೆ ಅಂಗಡಿ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ ಜೋರಾಗಿ ಹಾಕಿದ, ಆರ್ಡರ್ ಸಿಕ್ಕಿತು. ಮೋಟರಿಗೆ ಆಗಿನ ಕಾಲದ ವಿಕ್ಟ್ರೋಲಾ ಅನ್ನೋ ಹೆಸರಿನ ಬಾಲ ಸೇರಿಸಿ ಅದಕ್ಕೆ ಮೋಟರೋಲಾ ಅಂತ ಹೆಸರಿಟ್ಟ. ಹೌದು, ಅದೇ ಮೊಬೈಲಿನ ಮೋಟರೋಲಾ.

ಆಗ ಫಿಟ್ಟಿಂಗ್ ಅಂದ್ರೆ ಇವತ್ತಿನ ಹಾಗೆ ಒಂದು ಗಂಟೆ ಕೆಲಸ ಅಲ್ಲ, ದಿನಗಟ್ಟಲೆ ಹಿಡೀತಿತ್ತು. ಡ್ಯಾಶ್‌ಬೋರ್ಡ್ ಕೊರೀಬೇಕು, ಆಂಟೆನಾಗೆ ಸೀಲಿಂಗ್ ಬಟ್ಟೆ ಬಿಚ್ಚಬೇಕು, ರೇಡಿಯೋಗೇ ಬೇರೆ ಬ್ಯಾಟರಿ ಇಡಬೇಕು. ಆಮೇಲೆ ವೈಬ್ರೇಟರ್ ಅನ್ನೋ ಸಾಧನ ಬಂತು. ಗಾಡಿಯ 6 ವೋಲ್ಟಿನ ಕರೆಂಟನ್ನು ಸೆಕೆಂಡಿಗೆ ಎಷ್ಟೋ ಸಲ ಕಡಿದು ಕಡಿದು, ಟ್ರಾನ್ಸ್‌ಫಾರ್ಮರಿಗೆ ಕೊಟ್ಟು, ವಾಲ್ವುಗಳಿಗೆ ಬೇಕಾದ ದೊಡ್ಡ ವೋಲ್ಟೇಜ್ ಮಾಡೋದು. ಹಾಡಿನ ಹಿಂದೆ ಜೇನುನೊಣದ ಹಾಗೆ ಅದರದ್ದೇ ಒಂದು ಗುಂಯ್ ಸದ್ದು.

ಆ ಕಾಲದಲ್ಲೇ ಅಮೆರಿಕದ ಕೆಲವು ರಾಜ್ಯಗಳಲ್ಲಿ ಕಾರಿನ ರೇಡಿಯೋ ನಿಷೇಧಿಸಬೇಕು ಅಂತ ಪ್ರಸ್ತಾಪ ಬಂದಿತ್ತು. ಡ್ರೈವರ್‌ನ ಗಮನ ತಪ್ಪುತ್ತೆ ಅನ್ನೋದು ಕಾರಣ. ನಿಷೇಧ ನಿಲ್ಲಲಿಲ್ಲ, ರೇಡಿಯೋ ಗೆದ್ದಿತು. ನನ್ನ ಪ್ರಕಾರ ಅದು ಸರಿಯಾಗೇ ಗೆದ್ದಿತು. ಕಿವಿಗೆ ಕೆಲಸ ಕೊಟ್ಟರೂ ಕಣ್ಣು ರಸ್ತೆ ಮೇಲೇ ಇರಬಹುದು. ಕಣ್ಣಿಗೇ ಕೆಲಸ ಕೊಟ್ಟರೆ? ಆ ಪ್ರಶ್ನೆ ಬರೋಕೆ ಇನ್ನೂ ಕಾಲ ಇತ್ತು.

3/7
ನಮ್ಮ ಕಡೆಗೆ ಬನ್ನಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದರು. ಯುದ್ಧಕ್ಕೆ ಅಂತ ಮಾಡಿದ ಗಾಡಿ, ಕಾಫಿ ತೋಟದ ಕೆಸರಿಗೂ ಸರಿಹೋಯ್ತು. ಆದರೆ ಅದರ ಡ್ಯಾಶ್‌ಬೋರ್ಡ್ ಅಂದ್ರೆ ಒಂದು ತಗಡು. ರೇಡಿಯೋಗೆ ಜಾಗವೇ ಇಲ್ಲ.

ರೇಡಿಯೋ ಇಟ್ಕೊಂಡರೂ ಲೈಸೆನ್ಸ್ ಬೇಕಿತ್ತು, ಗೊತ್ತಾ? ಮನೆಯ ರೇಡಿಯೋಗೂ ಬೇಕು, ಗಾಡಿಯ ರೇಡಿಯೋಗೂ ಬೇಕು. ಪೋಸ್ಟ್ ಆಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ಪುಸ್ತಕದಲ್ಲಿ ಬರೆಸಿಕೊಂಡು ಬರಬೇಕು. 1980ರ ದಶಕದ ಮಧ್ಯದವರೆಗೂ ಇದು ಇತ್ತು. ಮನೆಯ ಹಳೇ ಟ್ರಂಕಿನಲ್ಲಿ ಹುಡುಕಿ, ಆ ಪುಸ್ತಕ ಸಿಕ್ಕರೂ ಸಿಗಬಹುದು.

ಆಮೇಲೆ ಕ್ಯಾಸೆಟ್. ಫಿಲಿಪ್ಸ್‌ನವರು 1963ರಲ್ಲಿ ತಂದ ಈ ಪುಟ್ಟ ಪೆಟ್ಟಿಗೆಗೆ ಸ್ಟೇಷನ್ ಬೇಡ, ಸಿಗ್ನಲ್ ಬೇಡ. ಗುಡ್ಡದ ಮರೆಗೆ ಹೋದರೆ ರೇಡಿಯೋ ಗೊರಗೊರ ಅನ್ನುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಅವರ ಹಾಡುಗಳ ಕ್ಯಾಸೆಟ್ಟನ್ನು ಲಹರಿಯವರು ತಂದರು, ಕರ್ನಾಟಕದ ತುಂಬ ಬಸ್ಸು, ಲಾರಿ, ಜೀಪುಗಳಲ್ಲಿ ಅದೇ. ಜೀಪಿನಲ್ಲಿ ಜಾಗ ಇಲ್ಲದ್ದಕ್ಕೆ ಡ್ಯಾಶಿನ ಕೆಳಗೆ ಕಬ್ಬಿಣದ ಪಟ್ಟಿ ಬಡಿದು ನೇತುಹಾಕೋದು. ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಕಿಡಿಯ ಟಿಕ್ ಟಿಕ್ ಸದ್ದು ಹಾಡಿನ ಜೊತೆ ಬರ್ತಿತ್ತು, ಅದಕ್ಕೆ ಕಂಡೆನ್ಸರ್ ಹಾಕೋದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಆ ತಲೆನೋವೂ ಇಲ್ಲ.

4/7
ಪಿಕಪ್ ನಮ್ಮಲ್ಲಿ ಇಷ್ಟೊಂದು ಯಾಕೆ? ಇದಕ್ಕೆ ನಾನು ಕಾಫಿಯನ್ನೇ ಕಾರಣ ಅಂತೀನಿ. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. 1990ರ ದಶಕದ ಆರಂಭದಿಂದ ಹಂತ ಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಜಗತ್ತಿನಲ್ಲೆಲ್ಲ ಮೇಲೆ ಹೋಯ್ತು. ಯಾರಿಗೆ ಬೇಕಾದರೂ, ಯಾವಾಗ ಬೇಕಾದರೂ ಮಾರಬಹುದು ಅಂದಾಗ ಸ್ವಂತ ಗಾಡಿ ಇದ್ದವನಿಗೆ ಅನುಕೂಲ. ಕೈಯಲ್ಲಿ ಸ್ವಲ್ಪ ಕಾಸೂ ಇತ್ತು.

ಸರಕು ಸಾಗಿಸೋ ಗಾಡಿಯ ಬೇಸ್ ಮಾಡೆಲ್‌ನಲ್ಲಿ ಕಂಪೆನಿ ಸ್ಟೀರಿಯೋ ಕೊಡೋದು ಅಪರೂಪ. ಡ್ಯಾಶ್‌ಬೋರ್ಡಿನಲ್ಲಿ ಒಂದು ಮುಚ್ಚಳ ಕೊಡ್ತಾರೆ, ಅಷ್ಟೇ. ಆ ಮುಚ್ಚಳದ ಅಳತೆಯೂ ಜರ್ಮನಿಯಿಂದ ಬಂದದ್ದು: ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಅದಕ್ಕೇ ಅಂಗಡಿಯಲ್ಲಿ ಸಿಂಗಲ್ ಡಿನ್ ಅನ್ನೋದು, 'ಡಿನ್' ಅಂದ್ರೆ ಅಲ್ಲಿನ ಮಾನಕ ಸಂಸ್ಥೆಯ ಹೆಸರು. ಜಪಾನಿನವರು ಎತ್ತರವನ್ನು ಎರಡು ಪಟ್ಟು ಮಾಡಿದರು, ಅದು ಡಬಲ್ ಡಿನ್. ಆ ಎತ್ತರದಲ್ಲಿ ಒಂದು ಸ್ಕ್ರೀನ್ ಹಿಡಿಸುತ್ತೆ. ಕಥೆ ತಿರುಗೋದು ಇಲ್ಲೇ.

5/7
ಈಗ ವೈರುಗಳು. ಫಿಟ್ ಮಾಡುವಾಗ ಪಕ್ಕದಲ್ಲಿ ನಿಂತರೆ ಉಪಯೋಗಕ್ಕೆ ಬರುತ್ತೆ.

ಹಳದಿ: ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟು. ಗಡಿಯಾರ, ಸ್ಟೇಷನ್ ನೆನಪಿಟ್ಕೊಳ್ಳೋದು ಇದರಿಂದ. ಇದರಲ್ಲಿ ಫ್ಯೂಸ್ ಇದ್ದೇ ಇರಬೇಕು. ಫ್ಯೂಸ್ ತೆಗೆದು ತಂತಿ ಸುತ್ತೋರನ್ನು ನೋಡಿದರೆ ಗಾಡಿ ತಿರುಗಿಸ್ಕೊಂಡು ಬನ್ನಿ.
ಕೆಂಪು: ಕೀ ತಿರುಗಿಸಿದಾಗ ಮಾತ್ರ. ಹಳದಿ, ಕೆಂಪು ಎರಡನ್ನೂ ಒಂದಕ್ಕೇ ಗಂಟು ಹಾಕಿದ್ರೆ ಎರಡು ದಿನ ಗಾಡಿ ನಿಂತು ಮೂರನೇ ದಿನ ತಳ್ಳಬೇಕಾಗಬಹುದು.
ಕಪ್ಪು: ಅರ್ಥ್. ಬಾಡಿಗೆ, ಬಣ್ಣ ಕೆರೆದ ಜಾಗಕ್ಕೆ.
ಬಿಳಿ, ಬೂದು, ಹಸಿರು, ನೇರಳೆ: ಸ್ಪೀಕರ್. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಮೈನಸ್.

ನಮ್ಮ ಮಳೆಗಾಲದ ಬಗ್ಗೆ ಒಂದು ಮಾತು. ವೈರ್ ತಿರುಚಿ ಟೇಪ್ ಸುತ್ತಿ ಬಿಟ್ಟರೆ ಜೂನ್ ತಿಂಗಳ ಥಂಡಿಗೆ ಟೇಪ್ ಬಿಡುತ್ತೆ, ತಾಮ್ರ ಹಸಿರು ಕಟ್ಟುತ್ತೆ. ಬೆಸುಗೆ ಹಾಕಿಸಿ, ಇಲ್ಲಾಂದ್ರೆ ಗಾಡಿಗೆ ಸರಿಹೋಗುವ ಕಪ್ಲರ್ ಕೇಳಿ. ದೊಡ್ಡ ಲಾರಿಯವರಿಗೆ ಇನ್ನೊಂದು: ಅಲ್ಲಿ 24 ವೋಲ್ಟು. 12 ವೋಲ್ಟಿನ ಸೆಟ್ಟನ್ನು ಎರಡರಲ್ಲಿ ಒಂದೇ ಬ್ಯಾಟರಿಗೆ ಕೊಡೋ ಹಳೇ ಉಪಾಯ ಆ ಬ್ಯಾಟರಿಯನ್ನು ಬೇಗ ತಿನ್ನುತ್ತೆ. ಕನ್ವರ್ಟರ್ ಹಾಕಿ.

ಇಷ್ಟೆಲ್ಲ ಆದಮೇಲೆ ಕಟ್ಟಿನಲ್ಲಿ ಒಂದು ತೆಳು ವೈರ್ ಉಳಿಯುತ್ತೆ. ಹೆಸರುವಾಸಿ ಕಂಪೆನಿಯ ಸೆಟ್ಟಿನಲ್ಲಿ ತಿಳಿ ಹಸಿರು, ಅಗ್ಗದ ಸೆಟ್ಟಿನಲ್ಲಿ ಬೇರೆ ಬಣ್ಣ ಇದ್ದು ಮೇಲೆ 'ಬ್ರೇಕ್' ಅಂತ ಚೀಟಿ ಇರಬಹುದು.

6/7
ಅದು ಹೋಗಬೇಕಾದದ್ದು ಹ್ಯಾಂಡ್‌ಬ್ರೇಕ್ ಸ್ವಿಚ್ಚಿಗೆ. ಬ್ರೇಕ್ ಎಳೆದಾಗ ಮೀಟರಿನಲ್ಲಿ ಕೆಂಪು ಲೈಟ್ ಹತ್ತುತ್ತಲ್ಲ, ಅದನ್ನು ಹತ್ತಿಸೋ ಸ್ವಿಚ್. ಎಳೆದರೆ ಅದು ಅರ್ಥ್ ಆಗುತ್ತೆ, ಈ ವೈರೂ ಅರ್ಥ್ ಆಗುತ್ತೆ, ಗಾಡಿ ನಿಂತಿದೆ ಅಂತ ಸೆಟ್ಟಿಗೆ ತಿಳಿಯುತ್ತೆ. ಆಗ ಮಾತ್ರ ಚಿತ್ರ. ಬ್ರೇಕ್ ಬಿಟ್ಟರೆ ಚಿತ್ರ ಮಾಯ, ಹಾಡು ಮಾತ್ರ. ಚಲಿಸುವ ಗಾಡಿಯಲ್ಲಿ ಡ್ರೈವರಿಗೆ ಟಿವಿ ಕಾಣಬಾರದು ಅಂತ ಬ್ರಿಟನ್ನಿನಲ್ಲಿ 1986ರ ನಿಯಮವೇ ಇದೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲೂ ಅಂಥದ್ದೇ ಕಾನೂನು. ಕಂಪೆನಿಗಳು ಈ ವೈರನ್ನು ಸುಮ್ಮನೆ ಇಟ್ಟದ್ದಲ್ಲ.

ಫಿಟ್ ಮಾಡುವವರು ಏನು ಮಾಡ್ತಾರೆ? ಹ್ಯಾಂಡ್‌ಬ್ರೇಕ್ ತನಕ ವೈರ್ ಎಳೀಬೇಕು, ಮ್ಯಾಟ್ ಎತ್ತಬೇಕು, ಅರ್ಧ ಗಂಟೆ ಜಾಸ್ತಿ. ಗಿರಾಕಿಗೂ ಓಡುವಾಗ ವಿಡಿಯೋ ಬೇಕು. ಆ ವೈರನ್ನು ತಂದು ಕಪ್ಪು ವೈರಿಗೇ ಗಂಟು ಹಾಕಿದರೆ ಮುಗೀತು. ಸೆಟ್ಟಿನ ಲೆಕ್ಕಕ್ಕೆ ನಿಮ್ಮ ಪಿಕಪ್ ಜೀವನಪೂರ್ತಿ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ನಿಂತಿರುತ್ತೆ!

ಕಂಪೆನಿಗಳಿಗೂ ಇದು ಗೊತ್ತಾಯ್ತು. ಕೆಲವರು ಬ್ರೇಕ್ ಒಮ್ಮೆ ಎಳೆದು, ಬಿಟ್ಟು, ಮತ್ತೆ ಎಳೆದರೆ ಮಾತ್ರ ಚಿತ್ರ ಬರೋ ಹಾಗೆ ಮಾಡಿದರು. ಅದಕ್ಕೆ ಆ ಆಟವನ್ನೇ ಆಡಿ ತೋರಿಸುವ ಪುಟ್ಟ ರಿಲೇ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಕಳ್ಳ ಪೊಲೀಸ್ ಆಟ.

ನಮ್ಮ ರಸ್ತೆಗೆ ಇದನ್ನು ಇಳಿಸಿ ನೋಡೋಣ. ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ಘಾಟಿ ನಿಮಗೆ ಗೊತ್ತು, 2018ರ ಮಳೆಗೆ ಕುಸಿದು ಸಂಚಾರ ನಿಂತುಹೋದದ್ದೂ ಗೊತ್ತು. ಗಾಡಿಯಲ್ಲಿರೋ ಸಾಧನ ಡ್ರೈವರ್‌ನ ಕಣ್ಣನ್ನು ಒಂದು ಸಲಕ್ಕೆ 2 ಸೆಕೆಂಡಿಗಿಂತ ಜಾಸ್ತಿ ಸೆಳೀಬಾರದು ಅಂತ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಮಾರ್ಗಸೂಚಿ ಕೊಟ್ಟಿದೆ. 40 ಕಿಲೋಮೀಟರ್ ವೇಗದಲ್ಲಿ 2 ಸೆಕೆಂಡ್ ಅಂದ್ರೆ 22 ಮೀಟರ್. ಘಾಟಿಯಲ್ಲಿ 22 ಮೀಟರಿಗೆ ಒಂದು ತಿರುವೇ ಮುಗಿದುಹೋಗುತ್ತೆ. ಸಿದ್ದಾಪುರ, ಪಾಲಿಬೆಟ್ಟ ಕಡೆ ಕತ್ತಲಾದ ಮೇಲೆ ತೋಟದಿಂದ ಆನೆ ರಸ್ತೆಗೆ ಇಳಿಯೋಕೆ ಅಷ್ಟು ಹೊತ್ತೂ ಬೇಡ. ಹಾಡು ನೋಡ್ತಿರೋದು ಮುಂದೆ ಕೂತ ಒಬ್ಬ. ಹಿಂದೆ ಕಂಬಿ ಹಿಡಿದು ನಿಂತವರಿಗೆ ಆ ಸ್ಕ್ರೀನ್ ಕಾಣೋದೂ ಇಲ್ಲ.

7/7
ಸ್ಕ್ರೀನೇ ಬೇಡ ಅಂತ ನಾನು ಹೇಳ್ತಿಲ್ಲ. ಅದೇ ಕಟ್ಟಿನಲ್ಲಿ ರಿವರ್ಸ್ ಕ್ಯಾಮೆರಾದ ವೈರೂ ಇದೆ. ಅದನ್ನು ರಿವರ್ಸ್ ಲೈಟಿನ ಕರೆಂಟಿಗೆ ಕೊಟ್ಟರೆ ಗೇರ್ ಹಾಕಿದ ಕೂಡಲೇ ಹಿಂದಿನದು ಕಾಣುತ್ತೆ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರು, ಪಿಕಪ್‌ಗಳಿಗೆ ಈ ಕ್ಯಾಮೆರಾ ಕಡ್ಡಾಯ. ಮೂಟೆ ತುಂಬಿಕೊಂಡು ಕಾಫಿ ಕಣಕ್ಕೆ ಹಿಂದೆ ಹಿಂದೆ ಹೋಗೋ ಪಿಕಪ್ಪಿಗೆ, ಕಣದಲ್ಲಿ ಮಕ್ಕಳು ಆಡೋ ಹೊತ್ತಿಗೆ, ಇದಕ್ಕಿಂತ ಒಳ್ಳೆ ವೈರ್ ಇನ್ನೊಂದಿಲ್ಲ. ಕ್ಯಾಮೆರಾಗೆ ಹ್ಯಾಂಡ್‌ಬ್ರೇಕ್ ವೈರಿನ ಅಡ್ಡಿಯೂ ಇಲ್ಲ. ಮ್ಯಾಪ್ ಇರೋ ಸೆಟ್‌ಗಳು ಮ್ಯಾಪನ್ನೂ ಓಡುವಾಗ ತೋರಿಸುತ್ತವೆ.

ಈಗ ಬರ್ತಿರೋ ಅಗ್ಗದ ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಗಂಟು ಹಾಕೋ ಕೆಲಸವೂ ಉಳಿದಿಲ್ಲ. ಸೆಟ್ಟಿಂಗ್ಸ್‌ ಒಳಗೆ 'ಓಡುವಾಗ ವಿಡಿಯೋ' ಅನ್ನೋ ಅರ್ಥದ ಒಂದು ಚೌಕ ಇರುತ್ತೆ, ಎಷ್ಟೋ ಸೆಟ್ಟಿನಲ್ಲಿ ಮೊದಲೇ ಟಿಕ್ ಆಗಿ ಬಂದಿರುತ್ತೆ. ಒಂದು ಬೆರಳು ತಾಗಿಸಿದ್ರೆ ಆ ಟಿಕ್ ಹೋಗುತ್ತೆ. ಹಳೇ ಸೆಟ್ಟಾದರೆ ಚಾಲೂ ಮಾಡಿ ವಿಡಿಯೋ ಹಾಕಿ, ನಿಂತ ಕಡೆಯಲ್ಲೇ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಬಿಡಿ. ಚಿತ್ರ ಹೋಗದೇ ಇದ್ರೆ ತಿಳಿ ಹಸಿರು ವೈರ್ ಕಪ್ಪಿನ ಜೊತೆ ಇದೆ ಅಂತ ಲೆಕ್ಕ. ಈ ಭಾನುವಾರ ಮನೆಯ ಗಾಡಿಯಲ್ಲಿ ನೋಡಿ, ಏನು ಕಂಡಿತು ಅಂತ ಮೆಸೇಜ್ ಮಾಡಿ.

#ವಿರಾಜಪೇಟೆ #ಕೊಡಗು #ಪಿಕಪ್ #ವೈರಿನಚರಿತ್ರೆ